ಇನ್ನೊಂದು ಬೀಮ್ ಹಾಕುವ ಮುಂಚೆ

(ಉಕ್ಕಿನ ಕಟ್ಟಡಗಳ ಕಂಪನದ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಬೋರ್ಡ್ ಮೇಲೆ ಬರೆದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಟ್ಟಡ ನಡುಗುತ್ತದೆ ಅಂತ ನಮ್ಮಂಥವರಿಗೆ ಬರುವ ಫೋನ್ ಕರೆಗಳು ಹೆಚ್ಚುಕಮ್ಮಿ ಒಂದೇ ತರಹ ಇರುತ್ತವೆ. "ಸಾರ್, ಡಿಸೈನ್ ಎಲ್ಲ ಸರಿಯಾಗಿದೆ. ಕೋಡ್ ಪ್ರಕಾರ ಪಾಸ್. ಆದ್ರೂ ಫ್ಯಾಕ್ಟರಿಯ ದೊಡ್ಡ ಫ್ಯಾನ್ ಆನ್ ಮಾಡಿದ್ರೆ ಅದು ಕೂತಿರೋ ಉಕ್ಕಿನ ಪ್ಲಾಟ್‌ಫಾರ್ಮ್ ಮೇಲೆ ನಿಲ್ಲೋಕಾಗಲ್ಲ. ಇನ್ನೊಂದು ಬೀಮ್ ಎಲ್ಲಿ ಹಾಕೋಣ ಹೇಳಿ."

ಮೊದಲ ಮೂರು ಮಾತು ಸಾಮಾನ್ಯವಾಗಿ ನಿಜವೇ. ಎಡವಟ್ಟು ಇರುವುದು ಕೊನೆಯದರಲ್ಲಿ. ನಡುಗುವ ಕಟ್ಟಡಕ್ಕೆ ಉಕ್ಕು ಸೇರಿಸಿದರೆ ನಡುಕ ಕಡಿಮೆ ಆಗಲೇಬೇಕು ಅಂತೇನಿಲ್ಲ. ಕೆಲವು ಸಲ ಜಾಸ್ತಿಯೇ ಆಗುತ್ತದೆ. ಇವತ್ತು ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ. ಯಾಕೆ ಹಾಗೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. ಲೆಕ್ಕ ಅಂದರೆ ಹೆದರಬೇಡಿ, ವರ್ಗಮೂಲ ಗೊತ್ತಿದ್ದರೆ ಸಾಕು.

ಸುಮ್ಮನೆ ಕೂತಿರುವ ಭಾರಕ್ಕೆ ಒಂದೇ ಪ್ರಶ್ನೆ ಕೇಳುತ್ತೇವೆ: ಎಷ್ಟು? ಅಲುಗಾಡುವ ಭಾರಕ್ಕೆ ಅದು ಸಾಲದು. ಒಂದು ಟನ್ ತೂಕವನ್ನು ಕ್ರೇನ್‌ನಿಂದ ಮೆಲ್ಲಗೆ ಬೀಮ್ ಮೇಲೆ ಇಳಿಸಿದರೆ ಬೀಮ್‌ಗೆ ಒಂದು ಟನ್ ಅಷ್ಟೇ. ಅದೇ ತೂಕ ಬೀಮನ್ನು ಮುಟ್ಟಿಕೊಂಡಿರುವಾಗ ಹಗ್ಗವನ್ನು ತಟ್ಟನೆ ಕತ್ತರಿಸಿ. ಎತ್ತರದಿಂದ ಬೀಳಿಸಿಲ್ಲ, ಬರೀ ತಟ್ಟನೆ ಬಿಟ್ಟಿದ್ದೇವೆ. ಬೀಮ್‌ಗೆ ಎರಡು ಟನ್ನಿನ ಅನುಭವ ಆಗುತ್ತದೆ. ಇನ್ನು 50 ಮಿಲಿಮೀಟರ್ ಮೇಲಿಂದ ಬಿದ್ದರೆ? ಆ ತೂಕಕ್ಕೆ ಬೀಮ್ ಸಹಜವಾಗಿ 1 ಮಿಲಿಮೀಟರ್ ಬಾಗುವಂಥದ್ದಾದರೆ, ಹೊಡೆತ ಸುಮಾರು 11 ಪಟ್ಟು. ಬೀಮ್ ಬಿಗಿಯಾದಷ್ಟೂ ಈ ಪಟ್ಟು ಏರುತ್ತದೆ. ಬಾಗಿ ಹೊಡೆತ ತಿನ್ನುವ ಅವಕಾಶ ಅದಕ್ಕೆ ಕಡಿಮೆ, ಅಲ್ವಾ? ಕ್ರೇನ್ ಗರ್ಡರ್ ಡಿಸೈನ್ ಮಾಡುವಾಗ ಚಕ್ರದ ಭಾರಕ್ಕೆ ಇಂತಿಷ್ಟು ಪರ್ಸೆಂಟ್ ಇಂಪ್ಯಾಕ್ಟ್ ಅಂತ ಸೇರಿಸುತ್ತೇವಲ್ಲ, ಅದು ಇದೇ ಲೆಕ್ಕದ ಸರಳ ರೂಪ.

ಆದರೆ ಒಂದೇ ಸಲ ಬೀಳುವ ಹೊಡೆತ ಅಷ್ಟು ತಲೆನೋವಲ್ಲ. ತಲೆನೋವು ಶುರುವಾಗುವುದು ಅದೇ ಭಾರ ಮತ್ತೆ ಮತ್ತೆ, ಒಂದು ಲಯದಲ್ಲಿ ಬಂದಾಗ.

ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತೇವೆ. ಮುಕ್ಕಾಲು ತುಂಬಿದ ಬಕೆಟ್ ಹಿಡಿದು ನಡೆದು ನೋಡಿ. ನಿಧಾನಕ್ಕೆ ನಡೆದರೆ ನೀರು ಚೆಲ್ಲುವುದಿಲ್ಲ. ಒಂದು ನಿರ್ದಿಷ್ಟ ವೇಗಕ್ಕೆ ಬಂದಾಗ ಮಾತ್ರ ಬಕೆಟ್ಟಿನಲ್ಲಿ ಅಲೆ ಎದ್ದು ಕಾಲ ಮೇಲೆ ಬೀಳುತ್ತದೆ. ನಡಿಗೆ ಬದಲಿಸಿದರೆ ನೀರು ಮತ್ತೆ ಸುಮ್ಮನಾಗುತ್ತದೆ. ನೀವು ಕೊಟ್ಟ ಬಲ ಹೆಚ್ಚೇನೂ ಬದಲಾಗಿಲ್ಲ. ಬದಲಾಗಿದ್ದು ಹೊತ್ತು. ಬಕೆಟ್ಟಿನ ನೀರಿಗೆ ತನ್ನದೇ ಒಂದು ಲಯ ಇದೆ, ನಿಮ್ಮ ಹೆಜ್ಜೆ ಅದಕ್ಕೆ ಸರಿಯಾಗಿ ಕೂಡಿತು ಅಷ್ಟೇ.

ಪ್ರತಿ ಬೀಮ್‌ಗೂ, ಕಾಲಮ್‌ಗೂ, ಇಡೀ ಕಟ್ಟಡಕ್ಕೂ ಇಂಥ ಒಂದು ಲಯ ಇರುತ್ತದೆ. ಅದನ್ನೇ ನ್ಯಾಚುರಲ್ ಫ್ರೀಕ್ವೆನ್ಸಿ ಅನ್ನುತ್ತೇವೆ. ತಟ್ಟಿ ಬಿಟ್ಟರೆ ಸೆಕೆಂಡಿಗೆ ಎಷ್ಟು ಸಲ ತಾನಾಗಿ ಅಲುಗಾಡುತ್ತದೋ ಅದು. ಇದನ್ನು ತೀರ್ಮಾನಿಸುವುದು ಎರಡೇ: ಬಿಗಿತ ಮತ್ತು ತೂಕ. ಬಿಗಿತ ಜಾಸ್ತಿಯಾದರೆ ಫ್ರೀಕ್ವೆನ್ಸಿ ಏರುತ್ತದೆ, ತೂಕ ಜಾಸ್ತಿಯಾದರೆ ಇಳಿಯುತ್ತದೆ.

ಇದಕ್ಕೆ ಒಂದು ಚಂದದ ಅಡ್ಡದಾರಿ ಇದೆ. ಎರಡೂ ತುದಿ ಸುಮ್ಮನೆ ಆಧಾರದ ಮೇಲೆ ಕೂತಿರುವ, ಉದ್ದಕ್ಕೂ ಸಮನಾಗಿ ಭಾರ ಹೊತ್ತಿರುವ ಬೀಮ್ ತೆಗೆದುಕೊಳ್ಳಿ. ಅದು ನಡುವೆ ಎಷ್ಟು ಮಿಲಿಮೀಟರ್ ಬಾಗುತ್ತದೆ ಅಂತ ಲೆಕ್ಕ ಹಾಕಿ. 18 ಅನ್ನು ಆ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. ಬಂದದ್ದೇ ಫ್ರೀಕ್ವೆನ್ಸಿ, ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಇಷ್ಟು ಸಲ ಅಂತ. 4 ಮಿಲಿಮೀಟರ್ ಬಾಗಿದರೆ 9 ಹರ್ಟ್ಜ್. 9 ಮಿಲಿಮೀಟರ್ ಬಾಗಿದರೆ 6 ಹರ್ಟ್ಜ್. ಒಂದು ಎಚ್ಚರ: ಇಲ್ಲಿ ಬಾಗು ಅಂದರೆ ನಿಜವಾಗಿ ಮೇಲಿರುವ ಭಾರಕ್ಕೆ ಬಾಗುವುದು. ಡಿಸೈನ್‌ಗೆ ಹಾಕಿಕೊಂಡ ದೊಡ್ಡ ಲೈವ್ ಲೋಡ್ (ಬಂದು ಹೋಗುವ ಜನ, ಸಾಮಾನಿನ ಭಾರ) ಹಿಡಿದರೆ ಉತ್ತರ ತಪ್ಪುತ್ತದೆ. ಯಾರೂ ಇಲ್ಲದ ಪ್ಲಾಟ್‌ಫಾರ್ಮ್ ಮೇಲೆ ಲೈವ್ ಲೋಡ್ ಎಲ್ಲಿಂದ ಬರಬೇಕು?

ಈಗ ಫೋನ್ ಕರೆಗೆ ಬರೋಣ. ಪ್ಲಾಟ್‌ಫಾರ್ಮ್ 9 ಹರ್ಟ್ಜ್ ಅಂದುಕೊಳ್ಳಿ. ಫ್ಯಾನ್ ನಿಮಿಷಕ್ಕೆ 750 ಸುತ್ತು, ಅಂದರೆ 12.5 ಹರ್ಟ್ಜ್. ಎರಡೂ ಲಯ ಸಾಕಷ್ಟು ದೂರ ಇವೆ. ಈ ಸ್ಥಿತಿಯಲ್ಲಿ ಪ್ಲಾಟ್‌ಫಾರ್ಮ್‌ನ ಚಲನೆ, ಫ್ಯಾನಿನ ಬಲವನ್ನು ಸುಮ್ಮನೆ ಹೊರಿಸಿದ್ದರೆ ಆಗುತ್ತಿದ್ದುದರ 1.08 ಪಟ್ಟು. ಒಳ್ಳೆಯದೇ. ಆದರೂ ಫ್ಯಾನ್ ಬ್ಯಾಲೆನ್ಸ್ ಕೆಟ್ಟು ಸ್ವಲ್ಪ ನಡುಕ ಬಂತು ಅನ್ನಿ. ಯಾರೋ ಬೀಮ್‌ಗಳ ಕೆಳಗೆ ದಪ್ಪ ಪ್ಲೇಟ್ ವೆಲ್ಡ್ ಮಾಡಿ ಬಿಗಿತವನ್ನು ಎರಡು ಪಟ್ಟು ಮಾಡಿದರು. ಪ್ಲೇಟಿನ ತೂಕ ಸದ್ಯಕ್ಕೆ ಬಿಡಿ. ಹೊಸ ಫ್ರೀಕ್ವೆನ್ಸಿ ಎಷ್ಟು? 9 ಅನ್ನು 2ರ ವರ್ಗಮೂಲದಿಂದ ಗುಣಿಸಿ. 12.7 ಹರ್ಟ್ಜ್.

ಫ್ಯಾನಿನ ಲಯದ ಪಕ್ಕದಲ್ಲೇ ತಂದು ಕೂರಿಸಿದ ಹಾಗಾಯಿತು. 1 ಪರ್ಸೆಂಟ್ ಡ್ಯಾಂಪಿಂಗ್ (ಅಲುಗಾಟವನ್ನು ತಾನಾಗಿ ತಗ್ಗಿಸುವ ಗುಣ) ಹಿಡಿದರೆ 1.08 ಪಟ್ಟು ಇದ್ದದ್ದು ಸುಮಾರು 25 ಪಟ್ಟು ಆಗುತ್ತದೆ. ಬಿಗಿತ ದುಪ್ಪಟ್ಟಾದ್ದರಿಂದ ಅರ್ಧ ಕಳೆದರೂ, ಪ್ಲಾಟ್‌ಫಾರ್ಮ್ ಮೊದಲಿಗಿಂತ ಸುಮಾರು 11 ಪಟ್ಟು ಜಾಸ್ತಿ ಅಲುಗಾಡುತ್ತದೆ. ಉಕ್ಕಿನ ದುಡ್ಡು ಹೋಯಿತು, ವೆಲ್ಡರ್ ಕೂಲಿ ಹೋಯಿತು, ನಡುಕ ಬಂತು.

"ಹಾಗಾದ್ರೆ ಹೈ ಗ್ರೇಡ್ ಸ್ಟೀಲ್ ಹಾಕೋಣ" ಅನ್ನುವವರೂ ಇದ್ದಾರೆ. ಅದರಿಂದ ಏನೂ ಆಗುವುದಿಲ್ಲ. ಗ್ರೇಡ್ ಏರಿದರೆ ಏರುವುದು ತಾಕತ್ತು. ಬಿಗಿತ ಏರುವುದಿಲ್ಲ. ಮಾಮೂಲಿ ಉಕ್ಕಿಗೂ ದುಬಾರಿ ಉಕ್ಕಿಗೂ ಸ್ಥಿತಿಸ್ಥಾಪಕ ಗುಣಾಂಕ ಹೆಚ್ಚುಕಮ್ಮಿ ಒಂದೇ, ಚದರ ಮಿಲಿಮೀಟರ್‌ಗೆ 2 ಲಕ್ಷ ನ್ಯೂಟನ್. ನಿಜ ಹೇಳಬೇಕಂದರೆ ಹೈ ಗ್ರೇಡ್ ಉಕ್ಕು ಬಂದ ಮೇಲೆ ನಡುಕದ ದೂರು ಜಾಸ್ತಿ ಆಗಲು ಕಾರಣವೇ ಇದೆ. ತಾಕತ್ತು ಇದೆ ಅಂತ ಸೆಕ್ಷನ್, ಅಂದರೆ ಬೀಮಿನ ಗಾತ್ರ, ಸಣ್ಣದು ಮಾಡುತ್ತೇವೆ. ಸೆಕ್ಷನ್ ಸಣ್ಣದಾದರೆ ಬಿಗಿತ ಇಳಿಯುತ್ತದೆ.

ಮೇಲೆ ಡ್ಯಾಂಪಿಂಗ್ ಅಂದೆ. ಅದೇ ಉಕ್ಕಿನ ಬಡತನ. ಅಲುಗಾಟದ ಶಕ್ತಿಯನ್ನು ತಿಂದು ಹಾಕುವ ಗುಣ ಉಕ್ಕಿಗೆ ತೀರಾ ಕಡಿಮೆ. ಪೂರ್ತಿ ವೆಲ್ಡ್ ಮಾಡಿದ ಬರೀ ಉಕ್ಕಿನ ರಚನೆಯಲ್ಲಿ ಅರ್ಧ ಪರ್ಸೆಂಟ್ ಕೂಡ ಇರದೇ ಹೋಗಬಹುದು. ಬೋಲ್ಟ್ ಹಾಕಿದ್ದರೆ ಜಾಯಿಂಟ್‌ಗಳ ತಿಕ್ಕಾಟದಿಂದ ಸ್ವಲ್ಪ ಜಾಸ್ತಿ. ಕಾಂಕ್ರೀಟ್ ಸ್ಲ್ಯಾಬ್, ಗೋಡೆ, ಸೀಲಿಂಗ್, ಕಪಾಟು ಎಲ್ಲ ಸೇರಿದ ಆಫೀಸ್ ಮಹಡಿಯಲ್ಲಿ 2-3 ಪರ್ಸೆಂಟ್ ಸಿಗುತ್ತದೆ. ಲಯ ಪೂರ್ತಿ ಕೂಡಿದಾಗ ಕಂಪನ ಎಷ್ಟು ಪಟ್ಟು ಬೆಳೆಯುತ್ತದೆ ಅನ್ನುವುದಕ್ಕೆ ಸುಲಭ ಲೆಕ್ಕ ಇದೆ: 50 ಅನ್ನು ಡ್ಯಾಂಪಿಂಗ್ ಪರ್ಸೆಂಟ್‌ನಿಂದ ಭಾಗಿಸಿ. 1 ಪರ್ಸೆಂಟ್ ಇದ್ದರೆ 50 ಪಟ್ಟು. ಅರ್ಧ ಪರ್ಸೆಂಟ್ ಇದ್ದರೆ 100 ಪಟ್ಟು. ಅಷ್ಟು ಬೆಳೆಯುವ ಮುಂಚೆಯೇ ಏನಾದರೂ ಮುರಿಯುತ್ತದೆ ಅನ್ನುವುದು ಬೇರೆ ಮಾತು.

ಹಳೇ ಆಫೀಸ್‌ಗಳ ಮಹಡಿ ಇಷ್ಟು ನಡುಗುತ್ತಿರಲಿಲ್ಲ ಅಂತ ಹಿರಿಯರು ಹೇಳಿದರೆ ನಗಬೇಡಿ. ಆಗ ಒಳಗೋಡೆಗಳಿದ್ದವು, ಕಾಗದ ತುಂಬಿದ ಬೀರುಗಳಿದ್ದವು. ಅವೆಲ್ಲ ಪುಕ್ಕಟೆ ಡ್ಯಾಂಪಿಂಗ್. ಈಗ ಗೋಡೆಯಿಲ್ಲದ ಉದ್ದನೆ ಹಾಲ್, ಹಗುರ ಮಹಡಿ, ಕಾಗದವೇ ಇಲ್ಲದ ಮೇಜು. ಸ್ಪ್ಯಾನ್ (ಎರಡು ಆಧಾರಗಳ ನಡುವಿನ ದೂರ) ಬೆಳೆದಿದೆ, ತೂಕ ಇಳಿದಿದೆ, ಡ್ಯಾಂಪಿಂಗ್ ಹೊರಟುಹೋಗಿದೆ.

ಮನುಷ್ಯರ ನಡಿಗೆ ಸೆಕೆಂಡಿಗೆ ಸುಮಾರು 2 ಹೆಜ್ಜೆ. ಅದರ ಎರಡು ಪಟ್ಟು, ಮೂರು ಪಟ್ಟಿನ ಲಯಗಳೂ ಹೆಜ್ಜೆಯೊಳಗೇ ಅಡಗಿರುತ್ತವೆ, ಬಲ ಕಡಿಮೆ ಅಷ್ಟೇ. ಹಾಗಾಗಿ 4 ಅಥವಾ 6 ಹರ್ಟ್ಜ್‌ನ ಮಹಡಿಯೂ ನಡಿಗೆಗೆ ಸ್ಪಂದಿಸುತ್ತದೆ. ಆಫೀಸ್ ಮಹಡಿಗೆ ವ್ಯಾಪಕವಾಗಿ ಬಳಸುವ ಮಿತಿ ಗುರುತ್ವದ 0.5 ಪರ್ಸೆಂಟ್ ವೇಗೋತ್ಕರ್ಷ. 5 ಹರ್ಟ್ಜ್ ಮಹಡಿಯಲ್ಲಿ ಇದು ಎಷ್ಟು ಚಲನೆ ಗೊತ್ತಾ? ಮೇಲಕ್ಕೆ 0.05 ಮಿಲಿಮೀಟರ್, ಕೆಳಕ್ಕೆ 0.05. ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಕುರ್ಚಿಯಲ್ಲಿ ಕೂತವರಿಗೆ ಗೊತ್ತಾಗುತ್ತದೆ. ನಡೆಯುತ್ತಿರುವವರಿಗೆ ಗೊತ್ತೇ ಆಗುವುದಿಲ್ಲ, ಅದಕ್ಕೇ ಶಾಪಿಂಗ್ ಮಾಲ್‌ಗೆ ಮಿತಿ ಮೂರು ಪಟ್ಟು ಸಡಿಲ. ಇಷ್ಟು ಚಿಕ್ಕ ಚಲನೆಯಿಂದ ಬೀಮ್‌ಗೆ ಏನೂ ಆಗುವುದಿಲ್ಲ. ಜನ ಹೆದರಿದ್ದಾರೆ ಅಂದ ಮಾತ್ರಕ್ಕೆ ಅಪಾಯ ಇದೆ ಅಂತಲ್ಲ. ಹಾಗಂತ "ಏನೂ ಆಗಲ್ಲ ಬಿಡಿ" ಅಂದು ಫೋನ್ ಇಡುವುದೂ ಸರಿಯಲ್ಲ. ಯಾರೂ ಕೂರಲಾಗದ ಮಹಡಿ ಕಟ್ಟಿ ಏನು ಪ್ರಯೋಜನ?

2011ರ ಜುಲೈನಲ್ಲಿ ಸಿಯೋಲ್‌ನ ಟೆಕ್ನೋ ಮಾರ್ಟ್ ಅನ್ನುವ 39 ಮಹಡಿ ಕಟ್ಟಡ ಹತ್ತು ನಿಮಿಷ ಅಲುಗಾಡಿ ಜನರನ್ನೆಲ್ಲ ಹೊರಗೆ ಕಳಿಸಬೇಕಾಯಿತು. ಭೂಕಂಪ ಏನೂ ಇರಲಿಲ್ಲ. ತನಿಖೆ ಮಾಡಿದವರು ತೋರಿಸಿದ ಕಾರಣ, 12ನೇ ಮಹಡಿಯ ಜಿಮ್‌ನಲ್ಲಿ ಸುಮಾರು 17 ಜನ ಜೋರು ಸಂಗೀತಕ್ಕೆ ಒಟ್ಟಿಗೆ ಕುಣಿದು ವ್ಯಾಯಾಮ ಮಾಡುತ್ತಿದ್ದದ್ದು. 39 ಮಹಡಿಯ ತೂಕದ ಮುಂದೆ 17 ಜನ ಯಾವ ಲೆಕ್ಕ? ಆದರೆ ಒಟ್ಟಿಗೆ, ಸರಿಯಾದ ಲಯದಲ್ಲಿ ಕುಣಿದರು.

ಹೆಜ್ಜೆಯ ವಿಷಯ ಬಂದ ಮೇಲೆ ಲಂಡನ್ನಿನ ಮಿಲೆನಿಯಂ ಸೇತುವೆ ಬಿಡುವ ಹಾಗಿಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ನಮ್ಮ ಮಾತಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಸಿಗುವುದು ಕಷ್ಟ. 2000ದ ಜೂನ್ 10ರಂದು ತೆರೆದರು. ಜೂನ್ 12ಕ್ಕೆ ಮುಚ್ಚಿದರು. ಮೇಲೆ ಕೆಳಗೆ ಅಲ್ಲ, ಸೇತುವೆ ಎಡಕ್ಕೆ ಬಲಕ್ಕೆ ತೂಗಾಡುತ್ತಿತ್ತು.

ಸೈನಿಕರು ಹೆಜ್ಜೆ ಕೂಡಿಸಿ ನಡೆದರೆ ಸೇತುವೆಗೆ ಅಪಾಯ ಅನ್ನುವುದು ಹಳೇ ವಿಷಯ. 1831ರಲ್ಲಿ ಮ್ಯಾಂಚೆಸ್ಟರ್ ಹತ್ತಿರದ ಬ್ರಾಟನ್ ತೂಗುಸೇತುವೆ 74 ಸೈನಿಕರ ನಡಿಗೆಗೆ ಕುಸಿದ ಮೇಲೆ, ಸೇತುವೆ ಮೇಲೆ ಹೆಜ್ಜೆ ಮುರಿದು ನಡೆಯಿರಿ ಅನ್ನುವ ಆಜ್ಞೆಯೇ ಬಂತು. ಆದರೆ ಲಂಡನ್ನಿನಲ್ಲಿ ಇದ್ದವರು ಸೈನಿಕರಲ್ಲ. ಸುಮ್ನೆ ಸುತ್ತಾಡಲು ಬಂದ ಜನ. ಅವರಿಗೆ ಯಾರೂ ತಾಳ ಹಾಕಿರಲಿಲ್ಲ.

ನಡೆಯುವಾಗ ನಾವು ಎಡಗಾಲಿಗೆ ಎಡಕ್ಕೆ, ಬಲಗಾಲಿಗೆ ಬಲಕ್ಕೆ ಸಣ್ಣದಾಗಿ ತಳ್ಳುತ್ತೇವೆ. ಇದರ ಲಯ ಹೆಜ್ಜೆಯ ಅರ್ಧ, ಸುಮಾರು 1 ಹರ್ಟ್ಜ್. ಸೇತುವೆಯ ಅಡ್ಡ ಫ್ರೀಕ್ವೆನ್ಸಿಗಳು 0.5 ರಿಂದ 1 ಹರ್ಟ್ಜ್ ನಡುವೆ ಇದ್ದವು. ನೆಲ ಸ್ವಲ್ಪ ಪಕ್ಕಕ್ಕೆ ಜಾರಿದಂತೆ ಅನ್ನಿಸಿದ ಕೂಡಲೇ ಜನ ಬೀಳದ ಹಾಗೆ ಕಾಲು ಅಗಲ ಮಾಡಿ ಸಾವರಿಸಿಕೊಳ್ಳುತ್ತಾರೆ. ಆ ಸಾವರಿಸುವಿಕೆಯೇ ಸೇತುವೆಯನ್ನು ಇನ್ನಷ್ಟು ತಳ್ಳುತ್ತದೆ. ಎಲ್ಲರೂ ಹೆಜ್ಜೆ ಕೂಡಿಸಿದ್ದರಿಂದಲೇ ಹೀಗಾಯಿತು ಅಂತ ಮೊದಲು ಅಂದುಕೊಂಡಿದ್ದರು. ಹೆಜ್ಜೆ ಕೂಡದೇ ಇದ್ದರೂ, ಬರೀ ಸಾವರಿಸಿಕೊಳ್ಳುವುದರಿಂದಲೇ ಜನ ಸೇತುವೆಗೆ ಶಕ್ತಿ ತುಂಬಬಹುದು ಅಂತ ಆಮೇಲಿನ ಅಧ್ಯಯನಗಳು ಹೇಳಿವೆ. ಅಂದರೆ ಪ್ರತಿಯೊಬ್ಬ ನಡೆಯುವವನೂ ಸೇತುವೆಯ ಡ್ಯಾಂಪಿಂಗ್‌ನಲ್ಲಿ ಸ್ವಲ್ಪ ಕದಿಯುತ್ತಾನೆ. ಡ್ಯಾಂಪಿಂಗ್ ಪೂರ್ತಿ ಖಾಲಿಯಾಗುವವರೆಗೆ ಏನೂ ಗೊತ್ತಾಗುವುದಿಲ್ಲ.

ಪರೀಕ್ಷೆಯಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಸೇತುವೆ ಮೇಲೆ ಜನರನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋದರು. 156 ಜನ ಆಗುವವರೆಗೆ ಹೆಚ್ಚುಕಮ್ಮಿ ಸುಮ್ಮನಿತ್ತು. ಇನ್ನೊಂದು ಹತ್ತು ಜನ ಸೇರಿದ್ದೇ ತಡ, ತೂಗಾಟ ಒಮ್ಮೆಲೇ ಏರಿತು. ನೂರು ಜನರ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಟ್ಟಿದ್ದರೆ ಏನಾಗುತ್ತಿತ್ತು ಯೋಚಿಸಿ.

ರಿಪೇರಿ ಹೇಗೆ ಮಾಡಿದರು? ಬಿಗಿತ ಏರಿಸುವ ದಾರಿಯಲ್ಲಿ 0.5 ಹರ್ಟ್ಜ್ ಅನ್ನು 1.5ಕ್ಕೆ ಒಯ್ಯಬೇಕೆಂದರೆ ಬಿಗಿತ ಒಂಬತ್ತು ಪಟ್ಟು ಬೇಕು. ಆಗ ಅದು ಆ ಸೇತುವೆಯಾಗಿ ಉಳಿಯುತ್ತಿರಲಿಲ್ಲ. ಅದರ ಬದಲು ಎಣ್ಣೆ ತುಂಬಿದ ಪಿಸ್ಟನ್‌ನಂಥ 37 ವಿಸ್ಕಸ್ ಡ್ಯಾಂಪರ್, 52 ಟ್ಯೂನ್ಡ್ ಮಾಸ್ ಡ್ಯಾಂಪರ್ ಹಾಕಿದರು. 2002ರಲ್ಲಿ ಮತ್ತೆ ತೆರೆದರು. ಆಮೇಲೆ ತೊಂದರೆ ಬರಲಿಲ್ಲ.

ಟ್ಯೂನ್ಡ್ ಮಾಸ್ ಡ್ಯಾಂಪರ್ ಅಂದರೆ ಸ್ಪ್ರಿಂಗ್ ಮೇಲೆ ಕೂತ ಅಥವಾ ನೇತುಹಾಕಿದ ಒಂದು ತೂಕ. ಕಟ್ಟಡದ ಲಯಕ್ಕೇ ಅದನ್ನು ಹೊಂದಿಸಿರುತ್ತಾರೆ. ಕಟ್ಟಡ ಅಲುಗಾಡಿದರೆ ಅದು ಹಿಂದೆ ಬಿದ್ದು ಎದುರು ಎಳೆಯುತ್ತದೆ, ಜೊತೆಗಿರುವ ಎಣ್ಣೆ ಡ್ಯಾಂಪರ್ ಶಕ್ತಿಯನ್ನು ಬಿಸಿಯಾಗಿ ಕಳೆಯುತ್ತದೆ. ತೈಪೆ 101 ಕಟ್ಟಡದ ಮೇಲಿನ ಮಹಡಿಗಳಲ್ಲಿ 660 ಟನ್ನಿನ ಉಕ್ಕಿನ ಗೋಳ ನೇತಾಡುತ್ತಿದೆ. ಅಡ್ಡಳತೆ 5.5 ಮೀಟರ್. ಅಷ್ಟು ದೊಡ್ಡದನ್ನು ಒಂದೇ ಸಲ ಮೇಲೆ ಒಯ್ಯಲಾಗದೆ, ದಪ್ಪ ಪ್ಲೇಟ್‌ಗಳಾಗಿ ಒಯ್ದು ಅಲ್ಲೇ ಜೋಡಿಸಿದರು. ಹೈಟೆನ್ಷನ್ ವಿದ್ಯುತ್ ತಂತಿಗಳ ಮೇಲೆ ಕಂಬದ ಹತ್ತಿರ ಎರಡು ಸಣ್ಣ ಗುಂಡುಗಳು ನೇತಾಡುವುದನ್ನು ನೋಡಿರುತ್ತೀರಿ. ಅದು ಸ್ಟಾಕ್‌ಬ್ರಿಡ್ಜ್ ಡ್ಯಾಂಪರ್, 1920ರ ದಶಕದ್ದು. ತಾತ್ವಿಕವಾಗಿ ಇವೆರಡೂ ಒಂದೇ ಕುಟುಂಬ.

ತಂತಿ ಅಂದೆ. ಅದನ್ನು ನಡುಗಿಸುವುದು ಗಾಳಿ, ಅದೂ ಬಿರುಗಾಳಿ ಅಲ್ಲ, ಮಂದವಾಗಿ ಒಂದೇ ಸಮನೆ ಬೀಸುವ ಗಾಳಿ. ದುಂಡನೆಯ ಯಾವುದಕ್ಕೇ ಗಾಳಿ ಬಡಿದರೂ ಅದರ ಹಿಂದೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸುಳಿಗಳು ಕಳಚಿಕೊಳ್ಳುತ್ತವೆ. ಉಕ್ಕಿನ ಚಿಮಣಿಗೆ ಇದು ದೊಡ್ಡ ಸಮಸ್ಯೆ. 2 ಮೀಟರ್ ವ್ಯಾಸದ, 1 ಹರ್ಟ್ಜ್‌ನ ಚಿಮಣಿ ತೆಗೆದುಕೊಳ್ಳಿ. ವ್ಯಾಸವನ್ನೂ ಫ್ರೀಕ್ವೆನ್ಸಿಯನ್ನೂ ಗುಣಿಸಿ 0.2 ರಿಂದ ಭಾಗಿಸಿದರೆ ಅಪಾಯದ ವೇಗ ಬರುತ್ತದೆ: ಸೆಕೆಂಡಿಗೆ 10 ಮೀಟರ್, ಗಂಟೆಗೆ 36 ಕಿಲೋಮೀಟರ್. ಡಿಸೈನ್ ಮಾಡಿದ್ದು ಗಂಟೆಗೆ 150 ಕಿಲೋಮೀಟರಿನ ಬಿರುಗಾಳಿಗೆ, ಚಿಮಣಿ ಒದ್ದಾಡುವುದು 36ಕ್ಕೆ. ಅದೂ ಗಾಳಿ ಬೀಸುವ ದಿಕ್ಕಿಗಲ್ಲ, ಅದಕ್ಕೆ ಅಡ್ಡವಾಗಿ. ಚಿಮಣಿಯ ಮೇಲಿನ ಮೂರನೇ ಒಂದು ಭಾಗಕ್ಕೆ ಸುರುಳಿ ಪಟ್ಟಿ ಸುತ್ತಿರುತ್ತಾರಲ್ಲ, ಅದು ಅಲಂಕಾರಕ್ಕಲ್ಲ. ಸುಳಿಗಳು ಉದ್ದಕ್ಕೂ ಒಟ್ಟಿಗೆ ಕಳಚದ ಹಾಗೆ ಚದುರಿಸಲು. ಬ್ರಿಟನ್ನಿನ ಕ್ರಿಸ್ಟೋಫರ್ ಸ್ಕ್ರೂಟನ್ 1950ರ ದಶಕದಲ್ಲಿ ಇದರ ಮೇಲೆ ಕೆಲಸ ಮಾಡಿದರು. ಇದಕ್ಕೂ ಬೆಲೆ ಇದೆ: ಪಟ್ಟಿ ಸುತ್ತಿದರೆ ಬಿರುಗಾಳಿಯ ತಳ್ಳು ಜಾಸ್ತಿಯಾಗುತ್ತದೆ, ಬುಡ ಗಟ್ಟಿ ಮಾಡಬೇಕು.

ಟಕೋಮಾ ನ್ಯಾರೋಸ್ ಸೇತುವೆಯ ವಿಡಿಯೋ ಎಲ್ಲರೂ ನೋಡಿದ್ದೀರಿ. 1940ರ ಜುಲೈ 1ಕ್ಕೆ ತೆರೆದದ್ದು ನವೆಂಬರ್ 7ಕ್ಕೆ ಬಿತ್ತು. 853 ಮೀಟರ್ ಸ್ಪ್ಯಾನ್, ಬದಿಯಲ್ಲಿ ಬರೀ 2.4 ಮೀಟರ್ ಎತ್ತರದ ಗಟ್ಟಿ ಪ್ಲೇಟ್ ಗರ್ಡರ್. ಗಾಳಿಯ ವೇಗ ಗಂಟೆಗೆ ಸುಮಾರು 64 ಕಿಲೋಮೀಟರ್. "ಗಾಳಿಯ ಲಯ ಸೇತುವೆಯ ಲಯಕ್ಕೆ ಕೂಡಿತು, ಬಿತ್ತು" ಅಂತ ಪಾಠದಲ್ಲಿ ಓದಿರುತ್ತೀರಿ. ಅದು ಅಷ್ಟು ಸರಿಯಲ್ಲ. ಆ ವೇಗದಲ್ಲಿ ಸುಳಿಗಳು ಕಳಚುವ ಲಯ ಸೆಕೆಂಡಿಗೆ ಸುಮಾರು ಒಂದು. ಸೇತುವೆ ತಿರುಚಿಕೊಂಡದ್ದು ಐದು ಸೆಕೆಂಡಿಗೆ ಒಂದು ಸಲ. ಲಯ ಕೂಡಲೇ ಇಲ್ಲ. ಸೇತುವೆ ತಿರುಚಿದಾಗ ಗಾಳಿ ಬಡಿಯುವ ಕೋನ ಬದಲಾಯಿತು, ಅದರಿಂದ ಇನ್ನೂ ತಿರುಚಿತು. ಪ್ರತಿ ಸುತ್ತಿಗೂ ಗಾಳಿಯಿಂದ ಶಕ್ತಿ ಒಳಗೆ ಬರುತ್ತಾ ಹೋಯಿತು. ಇದಕ್ಕೆ ಫ್ಲಟರ್ ಅನ್ನುತ್ತಾರೆ. ಮಿಲೆನಿಯಂ ಸೇತುವೆಯಲ್ಲಿ ಜನ ಮಾಡಿದ್ದನ್ನು ಇಲ್ಲಿ ಗಾಳಿ ಮಾಡಿತು. 1950ರಲ್ಲಿ ಅದೇ ಜಾಗದಲ್ಲಿ ಕಟ್ಟಿದ ಸೇತುವೆಗೆ ಗಾಳಿ ತೂರಿ ಹೋಗುವ ಎತ್ತರದ ಟ್ರಸ್ ಹಾಕಿದರು.

ಭೂಕಂಪವೇ ಒಂದು ಬೇರೆ ಉಪನ್ಯಾಸ. ಒಂದು ಮಾತು ಮಾತ್ರ. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋ ಸಿಟಿಯ ಹಳೇ ಕೆರೆಯ ಮೆತ್ತನೆ ಮಣ್ಣು ಸುಮಾರು ಎರಡು ಸೆಕೆಂಡಿಗೆ ಒಂದು ಸಲ ತೂಗಿತು. ತೀರಾ ಕುಳ್ಳ ಕಟ್ಟಡಗಳೂ ತೀರಾ ಎತ್ತರದವೂ ಹೆಚ್ಚಾಗಿ ಉಳಿದವು. ಆ ಲಯಕ್ಕೆ ಹತ್ತಿರವಿದ್ದ ಮಧ್ಯಮ ಎತ್ತರದವಕ್ಕೆ ಜಾಸ್ತಿ ಪೆಟ್ಟು ಬಿತ್ತು. 1956ರ 44 ಮಹಡಿಯ ಲ್ಯಾಟಿನೋ ಅಮೆರಿಕಾನಾ ಗೋಪುರ, ಉಕ್ಕಿನದು, ನಿಂತೇ ಇತ್ತು.

ಇನ್ನು ಯಂತ್ರಗಳು. ತಿರುಗುವ ಯಂತ್ರದ ಬಲ ವೇಗದ ವರ್ಗದಷ್ಟು ಏರುತ್ತದೆ. ನಿಮಿಷಕ್ಕೆ 1500 ಸುತ್ತಿನ ಫ್ಯಾನ್ ಇದೆ ಅನ್ನಿ. ಒಂದು ಎಲೆಯ ಮೇಲೆ, ನಡುವಿನಿಂದ ಅರ್ಧ ಮೀಟರ್ ದೂರದಲ್ಲಿ, 200 ಗ್ರಾಂ ಧೂಳು ಹೆಪ್ಪುಗಟ್ಟಿದೆ. ಅಂಗೈಯಲ್ಲಿ ಹಿಡಿಯುವಷ್ಟು. ಅದು ಬೇರಿಂಗ್ ಮೇಲೆ ಹಾಕುವ ಬಲ ಸುಮಾರು 250 ಕಿಲೋ ತೂಕದಷ್ಟು. ಸೆಕೆಂಡಿಗೆ 25 ಸಲ, ಸುತ್ತಲೂ. ಅದಕ್ಕೇ ನಾನು ಮೊದಲು ಕೇಳುವುದು "ಫ್ಯಾನ್ ಎಲೆ ತೊಳೆದು ಎಷ್ಟು ದಿನ ಆಯ್ತು?" ಅಂತ. ಬೀಮ್ ಮಾತು ಆಮೇಲೆ.

ಎರಡನೇ ಪ್ರಶ್ನೆ: ಸ್ವಿಚ್ ಆಫ್ ಮಾಡಿದಾಗ ಏನಾಗುತ್ತದೆ? ಫ್ಯಾನ್ ನಿಧಾನವಾಗುತ್ತಾ ಬರುವಾಗ ನಡುವೆ ಕೆಲವು ಸೆಕೆಂಡ್ ಪ್ಲಾಟ್‌ಫಾರ್ಮ್ ಜೋರಾಗಿ ನಡುಗಿ, ಆಮೇಲೆ ಸುಮ್ಮನಾದರೆ, ಪ್ಲಾಟ್‌ಫಾರ್ಮ್‌ನ ಲಯ ಫ್ಯಾನಿನ ವೇಗಕ್ಕಿಂತ ಕೆಳಗಿದೆ ಅಂತ ಅರ್ಥ. ಅಂಥ ಜಾಗದಲ್ಲಿ ಬಿಗಿತ ಸೇರಿಸುವುದು ಅಂದರೆ ಆ ಲಯವನ್ನು ಮೇಲಕ್ಕೆ, ಓಡುವ ವೇಗದ ಕಡೆಗೆ ತಳ್ಳುವುದು. ಒಂದು ರೂಪಾಯಿ ಖರ್ಚಿಲ್ಲದೆ ಸಿಗುವ ಮಾಹಿತಿ ಇದು.

ರಬ್ಬರ್ ಪ್ಯಾಡ್ ಬಗ್ಗೆಯೂ ಹೇಳಿಬಿಡುತ್ತೇನೆ. ಯಂತ್ರದ ಕೆಳಗೆ ರಬ್ಬರ್ ಇಟ್ಟರೆ ನಡುಕ ಹೋಗುತ್ತದೆ ಅನ್ನುವ ನಂಬಿಕೆ ಎಲ್ಲ ಕಡೆ ಇದೆ. ಯಂತ್ರದ ಲಯ, ಪ್ಯಾಡ್ ಮೇಲೆ ಕೂತ ಯಂತ್ರದ ನ್ಯಾಚುರಲ್ ಫ್ರೀಕ್ವೆನ್ಸಿಯ 1.4 ಪಟ್ಟಿಗಿಂತ ಜಾಸ್ತಿ ಇದ್ದರೆ ಮಾತ್ರ ಪ್ಯಾಡ್ ಕೆಲಸ ಮಾಡುತ್ತದೆ. ಅದಕ್ಕಿಂತ ಕಡಿಮೆಯಾದರೆ ಉಲ್ಟಾ. ತೂಕಕ್ಕೆ 1 ಮಿಲಿಮೀಟರ್ ಕುಗ್ಗುವ ಪ್ಯಾಡ್ ಸುಮಾರು 16 ಹರ್ಟ್ಜ್‌ದು. ಅದರ ಮೇಲೆ 12.5 ಹರ್ಟ್ಜ್ ಫ್ಯಾನ್ ಇಟ್ಟರೆ ನೆಲಕ್ಕೆ ಹೋಗುವ ಬಲ ಎರಡೂವರೆ ಪಟ್ಟಿಗೂ ಮೇಲೆ. 4 ಹರ್ಟ್ಜ್ ಬೇಕೆಂದರೆ 15 ಮಿಲಿಮೀಟರಿಗೂ ಹೆಚ್ಚು ಕುಗ್ಗಬೇಕು. ಅದಕ್ಕೆ ಸ್ಪ್ರಿಂಗ್ ಬೇಕು, ರಬ್ಬರ್ ಚೂರು ಸಾಲದು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಾಣುವ, ಅನುಭವಕ್ಕೆ ಬರುವ ನಡುಕ. ನನಗೆ ಜಾಸ್ತಿ ಭಯ ಇರುವುದು ಕಾಣದ್ದರ ಬಗ್ಗೆ, ಫಟೀಗ್ ಬಗ್ಗೆ. ಉಕ್ಕು ಒಂದು ಸಲಕ್ಕೆ ಸುಲಭವಾಗಿ ತಡೆಯುವ ಒತ್ತಡವೇ ಲಕ್ಷಾಂತರ ಸಲ ಬಂದು ಹೋದರೆ ವೆಲ್ಡ್ ಅಂಚಿನಲ್ಲಿ ಕೂದಲೆಳೆಯ ಬಿರುಕು ಹುಟ್ಟುತ್ತದೆ. ಯುರೋಪಿನ ಕೋಡ್‌ನಲ್ಲಿ ಪ್ರತಿ ಬಗೆಯ ಜಾಯಿಂಟ್‌ಗೂ 20 ಲಕ್ಷ ಆವರ್ತನೆಗೆ ಎಷ್ಟು ಒತ್ತಡದ ಏರಿಳಿತ ತಡೆಯುತ್ತದೆ ಅಂತ ಸಂಖ್ಯೆ ಕೊಟ್ಟಿದ್ದಾರೆ. 20 ಲಕ್ಷ ಅಂದರೆ ದೊಡ್ಡ ಸಂಖ್ಯೆ ಅನ್ನಿಸುತ್ತದಲ್ವಾ? ಸೆಕೆಂಡಿಗೆ 25 ಸಲ ನಡುಗುವ ಪ್ಲಾಟ್‌ಫಾರ್ಮ್ ಅದನ್ನು 22 ಗಂಟೆ ಚಿಲ್ಲರೆಯಲ್ಲಿ ಮುಗಿಸುತ್ತದೆ. ಸೋಮವಾರ ಬೆಳಿಗ್ಗೆ ಆನ್ ಮಾಡಿದರೆ ಮಂಗಳವಾರ ಬೆಳಿಗ್ಗೆಯೊಳಗೆ.

ಏರಿಳಿತ ಎರಡು ಪಟ್ಟಾದರೆ ಆಯುಷ್ಯ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಇಲ್ಲೂ ಹೈ ಗ್ರೇಡ್ ಉಕ್ಕು ಕೈ ಹಿಡಿಯುವುದಿಲ್ಲ. ಕೋಡ್‌ನ ಆ ಸಂಖ್ಯೆಗಳು ಜಾಯಿಂಟ್‌ನ ಆಕಾರಕ್ಕೆ ಕೊಟ್ಟವು, ಉಕ್ಕಿನ ಗ್ರೇಡ್‌ಗೆ ಅಲ್ಲ. ಈಗ ಫೋನ್ ಕರೆಯ ದಪ್ಪ ಪ್ಲೇಟ್ ನೆನಪಿಸಿಕೊಳ್ಳಿ. ನಡುಗುತ್ತಿರುವ ಬೀಮ್‌ಗೆ ಕೆಳಗಿನಿಂದ ವೆಲ್ಡ್ ಮಾಡಿ ಪ್ಲೇಟ್ ಅಂಟಿಸಿದರೆ, ಆ ಪ್ಲೇಟ್ ಮುಗಿಯುವ ತುದಿಯೇ ಅತ್ಯಂತ ಕೆಟ್ಟ ಫಟೀಗ್ ಜಾಗಗಳಲ್ಲಿ ಒಂದು. ಬಿರುಕು ಹುಟ್ಟುವ ಜಾಗವನ್ನು ನಾವೇ ತಯಾರಿಸಿ ಕೊಟ್ಟ ಹಾಗೆ.

ಸಣ್ಣ ವೆಲ್ಡ್ ಏನು ಮಾಡಬಲ್ಲದು ಅನ್ನುವುದಕ್ಕೆ 1980ರ ಮಾರ್ಚ್ 27 ನೋಡಿ. ಉತ್ತರ ಸಮುದ್ರದಲ್ಲಿ ತೇಲುತ್ತಿದ್ದ ಅಲೆಕ್ಸಾಂಡರ್ ಎಲ್. ಕೀಲಾಂಡ್ ಅನ್ನುವ ವೇದಿಕೆ. ಐದು ಕಾಲು, ಅವನ್ನು ಹಿಡಿದಿಡುವ 2.6 ಮೀಟರ್ ವ್ಯಾಸದ ಉಕ್ಕಿನ ಬ್ರೇಸ್‌ಗಳು. ಅದರಲ್ಲೊಂದು ಬ್ರೇಸ್‌ಗೆ ನೀರಿನೊಳಗಿನ ಶಬ್ದ ಹಿಡಿಯುವ ಹೈಡ್ರೋಫೋನ್ ಕೂರಿಸಲು ಒಂದು ಚಿಕ್ಕ ಕೊಳವೆಯನ್ನು 6 ಮಿಲಿಮೀಟರ್ ಫಿಲೆಟ್ ವೆಲ್ಡ್‌ನಿಂದ ಸೇರಿಸಿದ್ದರು. ಅದು ಭಾರ ಹೊರುವ ಭಾಗವೇ ಅಲ್ಲ, ಹಾಗಾಗಿ ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಬಿರುಕು ಅಲ್ಲೇ ಹುಟ್ಟಿತು. ಮುರಿದ ಭಾಗವನ್ನು ಆಮೇಲೆ ನೋಡಿದಾಗ ಬಿರುಕಿನ ಒಳಗೆ ಪೇಂಟ್ ಸಿಕ್ಕಿತು. ಅಂದರೆ ಕಾರ್ಖಾನೆಯಲ್ಲಿ ಪೇಂಟ್ ಹೊಡೆಯುವ ಹೊತ್ತಿಗೇ ಅಲ್ಲಿ ಬಿರುಕಿತ್ತು. ಅಲೆಗಳು ಅದನ್ನು ದಿನಾ ಸ್ವಲ್ಪ ಸ್ವಲ್ಪ ಬೆಳೆಸಿದವು. ಕೊನೆಗೆ ಬ್ರೇಸ್ ಮುರಿಯಿತು, ಉಳಿದ ಬ್ರೇಸ್‌ಗಳು ಆ ಭಾರ ತಡೆಯಲಿಲ್ಲ, ಒಂದು ಕಾಲೇ ಕಳಚಿತು. ಸ್ವಲ್ಪ ಹೊತ್ತಿನಲ್ಲೇ ವೇದಿಕೆ ಮಗುಚಿತು. ಮೇಲಿದ್ದ 212 ಜನರಲ್ಲಿ 123 ಜನ ಸತ್ತರು.

ಹಾಗಾಗಿ ನಡುಗುವ ಪ್ಲಾಟ್‌ಫಾರ್ಮ್ ಹತ್ತಿದರೆ ಟಾರ್ಚ್ ಹಿಡಿದು ಎರಡು ವಿಷಯ ನೋಡಿ. ವೆಲ್ಡ್ ಅಂಚಿನ ಪೇಂಟ್ ಮೇಲೆ ತೆಳ್ಳನೆ ಕಂದು ಗೆರೆ ಇದೆಯಾ? ಅದು ಬಿರುಕಿನಿಂದ ಸೋರಿದ ತುಕ್ಕು ಇರಬಹುದು. ಬೋಲ್ಟ್ ತಲೆಯ ಸುತ್ತ, ವಾಷರ್ ಅಂಚಿನಲ್ಲಿ, ಕೆಂಪು ಕಂದು ಪುಡಿ ಇದೆಯಾ? ಇದ್ದರೆ ಆ ಜಾಯಿಂಟ್ ಒಳಗೇ ತಿಕ್ಕಾಡುತ್ತಿದೆ, ಬೋಲ್ಟ್ ಬಿಗಿ ಕಳೆದುಕೊಂಡಿದೆ. ಅಂಥ ಕಡೆ ಸ್ಪ್ಯಾನರ್‌ನಿಂದ ಇನ್ನೊಂದು ಸುತ್ತು ಕೊಟ್ಟು ಬಂದರೆ ಸಾಲದು. ಸರಿಯಾದ ಪ್ರೀಲೋಡ್ (ಬಿಗಿಯುವಾಗಲೇ ಬೋಲ್ಟ್‌ನಲ್ಲಿ ತುಂಬುವ ಎಳೆತ) ಕೊಟ್ಟ ಹೈ ಸ್ಟ್ರೆಂತ್ ಬೋಲ್ಟ್ ಹಾಕಬೇಕು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತೇನೆ.

"ಮೊಬೈಲ್ ಆ್ಯಪ್‌ನಲ್ಲಿ ಅಳೆಯಬಹುದಾ?" ಫ್ರೀಕ್ವೆನ್ಸಿ ತಿಳಿಯಲು ಧಾರಾಳವಾಗಿ ಸಾಕು. ಫೋನನ್ನು ಕೈಯಲ್ಲಿ ಹಿಡಿಯಬೇಡಿ, ಸಡಿಲ ಗ್ರೇಟಿಂಗ್ ಮೇಲೂ ಇಡಬೇಡಿ. ಬೀಮ್ ಮೇಲೆ ಮಟ್ಟಸವಾಗಿ ಇಡಿ. ಯಂತ್ರ ನಿಲ್ಲಿಸಿ, ಪಕ್ಕದಲ್ಲಿ ಮುಂಗಾಲ ಮೇಲೆ ನಿಂತು ಹಿಮ್ಮಡಿಯನ್ನು ಒಮ್ಮೆ ಕುಟ್ಟಿ. ಪ್ಲಾಟ್‌ಫಾರ್ಮ್ ತನ್ನ ಲಯವನ್ನು ತಾನೇ ಹೇಳುತ್ತದೆ. ಯಂತ್ರ ಓಡುವಾಗ ಇನ್ನೊಂದು ಸಲ ಅಳೆಯಿರಿ. ಎರಡು ಸಂಖ್ಯೆ ಕೈಯಲ್ಲಿದ್ದರೆ ಅರ್ಧ ಕೆಲಸ ಆಯಿತು. ತೀರಾ ಸಣ್ಣ ಕಂಪನದ ಪ್ರಮಾಣಕ್ಕೆ ಮಾತ್ರ ಫೋನನ್ನು ನಂಬಬೇಡಿ.

"ನಿಮ್ಮ 9 ಹರ್ಟ್ಜ್ ಉದಾಹರಣೆಯಲ್ಲಿ ಪ್ಲೇಟ್ ಬದಲು ಪ್ಲಾಟ್‌ಫಾರ್ಮ್ ಮೇಲೆ ಕಾಂಕ್ರೀಟ್ ಹಾಕಿದ್ರೆ?" ಒಳ್ಳೆ ಪ್ರಶ್ನೆ. ತೂಕ ಏರಿದರೆ 9 ಇನ್ನೂ ಕೆಳಗಿಳಿಯುತ್ತದೆ, 12.5 ರಿಂದ ದೂರ ಹೋಗುತ್ತದೆ. ಭಾರದ ವಸ್ತುವನ್ನು ಅಲುಗಾಡಿಸುವುದೂ ಕಷ್ಟ. ಹಾಗಾಗಿ ಅಲ್ಲಿ ಕಾಂಕ್ರೀಟ್ ಸರಿಯಾದ ದಾರಿ ಆಗಬಹುದು, ಬೀಮ್ ಮತ್ತು ಕಾಲಮ್ ಆ ತೂಕ ತಡೆಯುತ್ತವಾ ಅಂತ ನೋಡಿಕೊಂಡರೆ. ಒಂದೇ ಷರತ್ತು: ಕಾಂಕ್ರೀಟ್ ಬೀಮ್ ಜೊತೆ ಒಂದಾಗಿ ಕೆಲಸ ಮಾಡಬಾರದು. ಶಿಯರ್ ಸ್ಟಡ್ ಹಾಕಿ ಎರಡನ್ನೂ ಕೂಡಿಸಿದರೆ ಬಿಗಿತವೂ ಏರಿ ಲೆಕ್ಕ ತಲೆಕೆಳಗಾಗುತ್ತದೆ.

"ಫ್ಯಾನಿಗೆ ವಿಎಫ್‌ಡಿ ಹಾಕಿ ಸ್ಪೀಡ್ ಬದಲಾಯಿಸಿದ್ರೆ ಆಗಲ್ವಾ?" ವಿಎಫ್‌ಡಿ ಅಂದರೆ ಮೋಟಾರಿನ ವೇಗ ಏರಿಸಿ ಇಳಿಸುವ ಎಲೆಕ್ಟ್ರಾನಿಕ್ ಸಾಧನ. ಆಗುತ್ತದೆ. ಎಷ್ಟೋ ಕಡೆ ಅದೇ ಅತ್ಯಂತ ಅಗ್ಗದ ಪರಿಹಾರ. ಆದರೆ ಒಂದು ವಿಷಯ ಗಮನದಲ್ಲಿರಲಿ. ಮೊದಲು ಫ್ಯಾನ್ ಒಂದೇ ವೇಗದಲ್ಲಿ ಓಡುತ್ತಿತ್ತು, ಪ್ಲಾಟ್‌ಫಾರ್ಮ್‌ನ ಲಯವನ್ನು ದಾಟುವುದು ಆನ್ ಆಫ್ ಮಾಡುವಾಗ ಮಾತ್ರ. ವಿಎಫ್‌ಡಿ ಬಂದ ಮೇಲೆ ಆಪರೇಟರ್ ಬೇಕಾದ ವೇಗ ಇಡಬಹುದು. ಕರೆಂಟ್ ಉಳಿಸಲು ನಿಮಿಷಕ್ಕೆ 540 ಸುತ್ತಿಗೆ ಇಳಿಸಿದ ಅಂದರೆ ಅದು ಸರಿಯಾಗಿ 9 ಹರ್ಟ್ಜ್, ಇಡೀ ರಾತ್ರಿ ಅಲ್ಲೇ ಓಡುತ್ತಿರುತ್ತದೆ. ವಿಎಫ್‌ಡಿಯಲ್ಲಿ ಇಂತಿಂಥ ವೇಗದಲ್ಲಿ ನಿಲ್ಲಬೇಡ, ದಾಟಿ ಹೋಗು ಅಂತ ಹೇಳುವ ಸೆಟ್ಟಿಂಗ್ ಇರುತ್ತದೆ, ಸ್ಕಿಪ್ ಫ್ರೀಕ್ವೆನ್ಸಿ ಅಂತ. ಸ್ಟ್ರಕ್ಚರಲ್ ಎಂಜಿನಿಯರ್ ಅಳೆದ ಸಂಖ್ಯೆಯನ್ನು ಎಲೆಕ್ಟ್ರಿಕಲ್ ಎಂಜಿನಿಯರ್‌ಗೆ ಕೊಟ್ಟು, 480 ರಿಂದ 600 ಸುತ್ತಿನ ನಡುವೆ ಯಂತ್ರ ನಿಲ್ಲದ ಹಾಗೆ ಅದರಲ್ಲಿ ತುಂಬಿಸಿ.